ಯುಎಫ್‌ಡಬ್ಲ್ಯು ಬಂದ್ ಅನ್ನುತ್ತದೆ, ಆದರೂ 5432 ಹೊರಗಿನಿಂದ ತೆರೆದಿದೆ (ಉಬುಂಟು 24.04, ಡಾಕರ್, ಪೋಸ್ಟ್‌ಗ್ರೆಸ್)

ಹಳೇಪುಸ್ತಕ:
ಎಲ್ಲರಿಗೂ ನಮಸ್ಕಾರ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್‌ನಿಂದ ಅಕ್ಷರ ಗುರುತಿಸಿ, ಒಳಗಿನ ಪದಗಳನ್ನು ಹುಡುಕಲು ಬರುವಂತೆ ಇಡುತ್ತಿದ್ದೇವೆ. ಬಾಡಿಗೆ ವಿಪಿಎಸ್ (ಹೋಸ್ಟಿಂಗ್ ಕಂಪನಿಯ ವರ್ಚುವಲ್ ಸರ್ವರ್). 2 ಕೋರ್, 4 ಜಿಬಿ ಮೆಮೊರಿ, ಉಬುಂಟು 24.04. ವೆಬ್ ಆಪ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ (ಪೋರ್ಟ್ 5432) ಎರಡೂ ಡಾಕರ್ ಕಂಪೋಸ್‌ನಲ್ಲಿ, ಅಂದರೆ ಬೇರೆ ಬೇರೆ ಕಂಟೇನರ್‌ಗಳಲ್ಲಿ ಓಡುತ್ತವೆ.

ಟೆಸರಾಕ್ಟ್ ಓಡುವಾಗ ಸಿಪಿಯು ಪೂರ್ತಿ ಬಳಕೆಯಾಗುವುದು ಮಾಮೂಲು. ಈಗ ಅದನ್ನು ನಿಲ್ಲಿಸಿದರೂ ಎರಡೂ ಕೋರ್ ತುಂಬಿವೆ. ಟಾಪ್ ಕಮಾಂಡ್‌ನಲ್ಲಿ 'ಕೆಡೆವ್‌ಟಿಎಂಪಿಎಫ್‌ಎಸ್‌ಐ' ಅನ್ನುವ ಪ್ರೋಸೆಸ್ ಕಾಣುತ್ತಿದೆ. ಕಿಲ್ ಮಾಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಅದರ ಮಾಲೀಕನ ಜಾಗದಲ್ಲಿ ಸಿಸ್ಟಮ್‌ನ ಯಾವುದೋ ಯೂಸರ್ ಹೆಸರಿದೆ. ನಾನು ಮಾಡಿದ ಯೂಸರ್ ಅಲ್ಲ.

ಯುಎಫ್‌ಡಬ್ಲ್ಯು (ಉಬುಂಟುವಿನ ಫೈರ್‌ವಾಲ್ ಸಾಧನ) ಆನ್ ಇದೆ. ಒಳಗೆ ಬಿಡುವುದು 22, 80, 443 ಮಾತ್ರ. ಉಳಿದದ್ದೆಲ್ಲ ಡಿನೈ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ಕೂಡ ನಿಲ್ಲಿಸಿದ್ದೇನೆ. ಹಾಗಾದರೆ ಒಳಗೆ ಬಂದದ್ದು ಎಲ್ಲಿಂದ?

ಕರಾವಳಿ_ಅಡ್ಮಿನ್:
ಮೊದಲು ಒಂದು ಮಾತು. ಅದು ಮೊನೆರೋ ಎಂಬ ಕ್ರಿಪ್ಟೋ ಹಣದ ಗಣಿಗಾರಿಕೆಯ ಪ್ರೋಗ್ರಾಂ. 'ಕಿನ್ಸಿಂಗ್' ಎಂಬ ಮಾಲ್‌ವೇರ್ ಜೊತೆ ಬರುತ್ತದೆ. ಕರ್ನಲ್‌ನಲ್ಲಿ ಕೆಡೆವ್‌ಟಿಎಂಪಿಎಫ್‌ಎಸ್ ಎಂಬ ನಿಜವಾದ ಥ್ರೆಡ್ ಇದೆ. ಕೊನೆಗೆ ಒಂದು 'ಐ' ಸೇರಿಸಿ ಅದರ ಹಾಗೆ ಕಾಣುವಂತೆ ಮಾಡಿದ್ದಾರೆ. ಪ್ರೋಸೆಸ್ ಅನ್ನು ಸುಮ್ನೆ ಕಿಲ್ ಮಾಡುತ್ತಾ ಕೂತರೆ ಪ್ರಯೋಜನ ಇಲ್ಲ. ಅದನ್ನು ಕಾಯುವ ಇನ್ನೊಂದು ಪ್ರೋಸೆಸ್ ಇರುತ್ತದೆ, ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲೂ ಒಂದು ಸಾಲು ಕೂತಿರುತ್ತದೆ.

ಇಷ್ಟು ಹೇಳಿ:
ಟಾಪ್‌ನಲ್ಲಿ ಆ ಪ್ರೋಸೆಸ್‌ನ ಯೂಸರ್ ಸಂಖ್ಯೆ ಎಷ್ಟು? ಹೆಸರು ಬೇಡ, ಸಂಖ್ಯೆ.
ಡಾಕರ್ ಪಿಎಸ್ ಕೊಟ್ಟಾಗ ಪೋರ್ಟ್ಸ್ ಕಾಲಮ್‌ನಲ್ಲಿ ಏನಿದೆ?
ಪೋಸ್ಟ್‌ಗ್ರೆಸ್‌ನ ಪಾಸ್‌ವರ್ಡ್ ಎಂಥದ್ದು?

ಹಳೇಪುಸ್ತಕ:
ಸಂಖ್ಯೆ 999. ಪೋರ್ಟ್ಸ್‌ನಲ್ಲಿ 0.0.0.0:5432 ಅಂತ ಇದೆ, ಅದರ ಜೊತೆಗೆ ಐಪಿವಿ6ನ ಎರಡು ಕೋಲನ್ ಇರುವ ಸಾಲೂ ಇದೆ. ಕಂಪೋಸ್ ಫೈಲ್ ಆಪ್ ಜೊತೆಗೇ ಬಂದದ್ದು, ಪಾಸ್‌ವರ್ಡ್ ಅದರಲ್ಲಿದ್ದ ಮಾದರಿಯದೇ. ಆದರೆ 5432 ಯುಎಫ್‌ಡಬ್ಲ್ಯು ಪಟ್ಟಿಯಲ್ಲೇ ಇಲ್ಲವಲ್ಲ?

ಕರಾವಳಿ_ಅಡ್ಮಿನ್:
ಉತ್ತರ ಅಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದೇ ಕಾರಣಕ್ಕೆ ತುಂಬಾ ಸರ್ವರ್‌ಗಳು ಹೋಗುತ್ತಿವೆ.

999 ಅನ್ನುವುದು ಡೆಬಿಯನ್ ಆಧಾರಿತ ಅಧಿಕೃತ ಪೋಸ್ಟ್‌ಗ್ರೆಸ್ ಇಮೇಜ್‌ನ ಒಳಗಿನ ಪೋಸ್ಟ್‌ಗ್ರೆಸ್ ಯೂಸರ್. ಕಂಟೇನರ್ ಒಳಗಿನ ಸಂಖ್ಯೆಯೇ ಹೊರಗೂ ಕಾಣುತ್ತದೆ. ನಿಮ್ಮ ಉಬುಂಟುವಿನಲ್ಲಿ 999 ಬೇರೆ ಯಾರದ್ದೋ ಸಂಖ್ಯೆ, ಅದಕ್ಕೇ ಟಾಪ್ ಆ ಹೆಸರು ತೋರಿಸುತ್ತಿದೆ. ಅಂದರೆ ಗಣಿ ಓಡುತ್ತಿರುವುದು ಡೇಟಾಬೇಸ್ ಕಂಟೇನರ್ ಒಳಗೆ.

ಈಗ ದಾರಿ. ಯುಎಫ್‌ಡಬ್ಲ್ಯು ಸ್ವತಃ ಫೈರ್‌ವಾಲ್ ಅಲ್ಲ. ಅದು ಕರ್ನಲ್‌ನ ಪ್ಯಾಕೆಟ್ ಫಿಲ್ಟರ್ ಆದ ಐಪಿಟೇಬಲ್ಸ್‌ಗೆ ನಿಯಮ ಬರೆದುಕೊಡುವ ಸಾಧನ. ನೀವು ಡಿನೈ ಅಂದದ್ದೆಲ್ಲ ಇನ್‌ಪುಟ್ ಚೈನ್‌ಗೆ (ಚೈನ್ ಅಂದರೆ ನಿಯಮಗಳ ಸಾಲು) ಹೋಗುತ್ತದೆ. ಇನ್‌ಪುಟ್ ಅಂದರೆ ಈ ಮಷಿನ್‌ಗೇ ಬಂದ ಪ್ಯಾಕೆಟ್. ಡಾಕರ್ ಕೂಡ ಐಪಿಟೇಬಲ್ಸ್‌ಗೆ ತಾನೇ ನೇರವಾಗಿ ಬರೆಯುತ್ತದೆ. ಪೋರ್ಟ್ ಪಬ್ಲಿಷ್ ಮಾಡಿದ ಕೂಡಲೇ ವಿಳಾಸ ಬದಲಿಸುವ ನ್ಯಾಟ್ ಟೇಬಲ್‌ನ ಪ್ರೀರೌಟಿಂಗ್‌ನಲ್ಲಿ ಒಂದು ನಿಯಮ ಬೀಳುತ್ತದೆ: 5432ಕ್ಕೆ ಬಂದದ್ದನ್ನು 172.18.0.2ರಂಥ ಕಂಟೇನರ್ ವಿಳಾಸಕ್ಕೆ ತಿರುಗಿಸು. ಈ ತಿರುಗಿಸುವ ಕೆಲಸ ರೌಟಿಂಗ್ ತೀರ್ಮಾನಕ್ಕಿಂತ ಮೊದಲೇ ಆಗುತ್ತದೆ. ಆಮೇಲೆ ಕರ್ನಲ್ ನೋಡಿದಾಗ ಆ ಪ್ಯಾಕೆಟ್ ಈ ಮಷಿನ್‌ಗೆ ಬಂದದ್ದಲ್ಲ, ಬೇರೆ ವಿಳಾಸಕ್ಕೆ ಹೋಗಬೇಕಾದದ್ದು. ಹಾಗಾಗಿ ಅದು ಫಾರ್ವರ್ಡ್ ಚೈನ್‌ಗೆ ಹೋಗುತ್ತದೆ. ಅಲ್ಲಿ ಡಾಕರ್‌ನ ನಿಯಮಗಳು ಮೇಲೆಯೇ ಕೂತಿರುತ್ತವೆ, ಒಳಗೆ ಬಿಡುತ್ತವೆ. ನಿಮ್ಮ ಡಿನೈ ಇರುವ ಇನ್‌ಪುಟ್ ಚೈನ್‌ನ ಹತ್ತಿರಕ್ಕೂ ಆ ಪ್ಯಾಕೆಟ್ ಬರುವುದಿಲ್ಲ.

ಇದು ಬಗ್ ಅಲ್ಲ. ಡಾಕರ್‌ನ ದಾಖಲೆಯಲ್ಲೇ ಯುಎಫ್‌ಡಬ್ಲ್ಯು ಜೊತೆ ಹೀಗಾಗುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಯುಎಫ್‌ಡಬ್ಲ್ಯು ಸ್ಟೇಟಸ್ ನೋಡಿ ನಂಬಿ ಕೂತವರಿಗೆ ಅದು ಗೊತ್ತಾಗುವುದು ಹೇಗೆ? ಸ್ಟೇಟಸ್ ಸುಳ್ಳು ಹೇಳುತ್ತಿಲ್ಲ. ತಾನು ಬರೆದ ನಿಯಮಗಳನ್ನಷ್ಟೇ ಹೇಳುತ್ತಿದೆ.

ಒಳಗೆ ಬಂದ ಮೇಲೆ ಏನಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಪೋಸ್ಟ್‌ಗ್ರೆಸ್ 9.3ರಿಂದ 'ಕಾಪಿ ಫ್ರಂ ಪ್ರೋಗ್ರಾಂ' ಎಂಬ ಸೌಲಭ್ಯ ಇದೆ. ಸೂಪರ್‌ಯೂಸರ್ ಆಗಿ ಲಾಗಿನ್ ಆದವರು ಡೇಟಾಬೇಸ್‌ನಿಂದಲೇ ಶೆಲ್ ಕಮಾಂಡ್ ಓಡಿಸಬಹುದು. ಮಾದರಿ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಇಡೀ ಇಂಟರ್‌ನೆಟ್‌ನ 5432 ಪೋರ್ಟ್ ತಟ್ಟುತ್ತಲೇ ಇರುತ್ತವೆ. ಮೊನೆರೋ 2019ರ ನವೆಂಬರ್‌ನಲ್ಲಿ ರ‍್ಯಾಂಡಮ್‌ಎಕ್ಸ್ ವಿಧಾನಕ್ಕೆ ಬದಲಾಯಿತು. ಅದು ಸಾಮಾನ್ಯ ಸಿಪಿಯುಗೆಂದೇ ಮಾಡಿದ್ದು. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಎರಡು ಕೋರ್ ಕೂಡ ಅವರಿಗೆ ಬೇಕು.

ಬಯಲುಸೀಮೆ:
ಡಾಕರ್‌ನ ಡೀಮನ್ ಜೇಸನ್ ಫೈಲ್‌ನಲ್ಲಿ ಐಪಿಟೇಬಲ್ಸ್ ಅನ್ನುವುದನ್ನು ಫಾಲ್ಸ್ ಮಾಡಿದರೆ ಸಾಕಲ್ವಾ? ಡಾಕರ್ ನಿಯಮ ಬರೆಯುವುದೇ ನಿಲ್ಲುತ್ತದೆ. ಎಷ್ಟೋ ಕಡೆ ಇದೇ ಉತ್ತರ ಕೊಟ್ಟಿದ್ದಾರೆ.

ಕರಾವಳಿ_ಅಡ್ಮಿನ್:
ದಯವಿಟ್ಟು ಅದನ್ನು ಮಾಡಬೇಡಿ. ಕಂಟೇನರ್‌ಗಳಿಂದ ಹೊರಗಿನ ಇಂಟರ್‌ನೆಟ್‌ಗೆ ಹೋಗುವ ವಿಳಾಸ ಬದಲಾವಣೆಯನ್ನೂ ಡಾಕರ್ ಇದೇ ನಿಯಮಗಳಿಂದ ಮಾಡುತ್ತದೆ. ಅದನ್ನು ನಿಲ್ಲಿಸಿದರೆ ಕಂಟೇನರ್ ಒಳಗೆ ಅಪ್‌ಡೇಟ್ ಇಳಿಯುವುದಿಲ್ಲ, ಮೇಲ್ ಹೋಗುವುದಿಲ್ಲ. ಆಮೇಲೆ ಆ ಎಲ್ಲ ನಿಯಮಗಳನ್ನು ನೀವೇ ಕೈಯಿಂದ ಬರೆದು ಕಾಯಬೇಕು. ಒಂದು ಪೋರ್ಟ್ ಮುಚ್ಚುವುದಕ್ಕೆ ಅಷ್ಟು ದೊಡ್ಡ ಹೊರೆ ಬೇಡ.

ಇಲ್ಲಿ ಮಾಡಬೇಕಾದದ್ದು ತುಂಬಾ ಸರಳ. ಪೋಸ್ಟ್‌ಗ್ರೆಸ್‌ಗೆ ಪೋರ್ಟ್ಸ್ ಅನ್ನುವ ಸಾಲೇ ಬೇಡ, ಅಳಿಸಿ. ಒಂದೇ ಕಂಪೋಸ್ ಫೈಲ್‌ನಲ್ಲಿರುವ ಆಪ್, ಡೇಟಾಬೇಸ್ ಅನ್ನು ಅದರ ಸರ್ವಿಸ್ ಹೆಸರಿನಿಂದಲೇ ತಲುಪುತ್ತದೆ. ಅದಕ್ಕೆ ಹೊರಗಿನ ಪೋರ್ಟ್ ಯಾಕೆ?

ಹಳೇಪುಸ್ತಕ:
ನನ್ನ ಲ್ಯಾಪ್‌ಟಾಪ್‌ನಿಂದ ಪಿಜಿಅಡ್ಮಿನ್ ಎಂಬ ಡೇಟಾಬೇಸ್ ಪ್ರೋಗ್ರಾಂನಲ್ಲಿ ತಿದ್ದುಪಡಿ ಮಾಡುತ್ತೇನೆ. ಅಕ್ಷರ ಗುರುತಿಸುವಾಗ ಒತ್ತಕ್ಷರಗಳು ತಪ್ಪಾಗಿ ಬರುತ್ತವೆ, ಅವನ್ನು ಒಟ್ಟಿಗೇ ಸರಿಪಡಿಸಬೇಕು. ಅದಕ್ಕೆ ಪೋರ್ಟ್ ಬೇಕು.

ಕರಾವಳಿ_ಅಡ್ಮಿನ್:
ಹಾಗಿದ್ದರೆ ಪೋರ್ಟ್ಸ್ ಸಾಲಿನಲ್ಲಿ 5432ರ ಮುಂದೆ 127.0.0.1 ಸೇರಿಸಿ. ಅಂದರೆ 127.0.0.1:5432:5432. ಆಗ ಅದು ಸರ್ವರ್‌ನ ಒಳಗಿನಿಂದ ಮಾತ್ರ ಸಿಗುತ್ತದೆ. ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಟನಲ್ ಮಾಡಿ. ಪಿಜಿಅಡ್ಮಿನ್‌ನಲ್ಲೇ ಎಸ್‌ಎಸ್‌ಎಚ್ ಟನಲ್ ಅನ್ನುವ ಟ್ಯಾಬ್ ಇದೆ. ನಿಮ್ಮ ಕೀ ಕೊಟ್ಟರೆ ಸಾಕು.

ಒಂದು ಎಚ್ಚರಿಕೆ. ಡಾಕರ್ 28ಕ್ಕಿಂತ ಹಳೆಯ ಆವೃತ್ತಿಗಳಲ್ಲಿ, 127.0.0.1ಗೆ ಕಟ್ಟಿದ ಪೋರ್ಟ್ ಕೂಡ ಅದೇ ಸ್ಥಳೀಯ ನೆಟ್‌ವರ್ಕ್‌ನಲ್ಲಿರುವ ಪಕ್ಕದ ಮಷಿನ್‌ಗಳಿಗೆ ಸಿಗುವ ಸಾಧ್ಯತೆ ಇತ್ತು. 28ರಲ್ಲಿ ಸರಿಪಡಿಸಿದ್ದಾರೆ. ಆವೃತ್ತಿ ನೋಡಿಕೊಳ್ಳಿ.

ರಾತ್ರಿಪಾಳಿ:
ಕೆಲವರಿಗೆ ಪೋರ್ಟ್ ಹೊರಗೆ ಬೇಕೇ ಬೇಕು, ಆದರೆ ಒಂದೆರಡು ಐಪಿಗೆ ಮಾತ್ರ. ಅಂಥವರಿಗೆ ಡಾಕರ್-ಯೂಸರ್ ಅನ್ನುವ ಚೈನ್ ಇದೆ. ಡಾಕರ್ ತನ್ನ ನಿಯಮಗಳಿಗಿಂತ ಮೊದಲು ಅದನ್ನು ಓದುತ್ತದೆ, ಅದರೊಳಗೆ ತಾನು ಏನೂ ಬರೆಯುವುದಿಲ್ಲ. ಅಲ್ಲಿ ಡ್ರಾಪ್ ಹಾಕಿದರೆ ಕೆಲಸ ಮಾಡುತ್ತದೆ.

ಆದರೆ ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಪ್ಯಾಕೆಟ್ ಈ ಚೈನ್‌ಗೆ ಬರುವ ಹೊತ್ತಿಗೆ ವಿಳಾಸ ಆಗಲೇ ಬದಲಾಗಿರುತ್ತದೆ. ಹೊರಗೆ 8080, ಕಂಟೇನರ್‌ನಲ್ಲಿ 80 ಇದ್ದರೆ, ಇಲ್ಲಿ ಕಾಣುವ ಪೋರ್ಟ್ 80. 8080 ಅಂತ ನಿಯಮ ಬರೆದರೆ ಅದು ಯಾವತ್ತೂ ಹೊಂದುವುದಿಲ್ಲ. ಮೂಲ ಪೋರ್ಟ್ ಹಿಡಿಯಬೇಕಾದರೆ ಸಂಪರ್ಕಗಳ ಲೆಕ್ಕ ಇಡುವ ಕಾನ್‌ಟ್ರ್ಯಾಕ್ ಮಾಡ್ಯೂಲ್‌ನ ಮೂಲ ಪೋರ್ಟ್ ಆಯ್ಕೆ ಬಳಸಬೇಕು. ಜೊತೆಗೆ ಹೊರಗಿನ ಇಂಟರ್‌ಫೇಸ್ ಹೆಸರನ್ನು ನಿಯಮದಲ್ಲಿ ಹೇಳಿ. ಇಲ್ಲದಿದ್ದರೆ ಕಂಟೇನರ್‌ಗಳ ನಡುವಿನ ಮಾತೂ ನಿಲ್ಲುತ್ತದೆ. ಕೈಯಿಂದ ಹಾಕಿದ ನಿಯಮ ರೀಬೂಟ್ ಆದರೆ ಹೋಗುತ್ತದೆ, ಉಳಿಸುವ ವ್ಯವಸ್ಥೆಯನ್ನೂ ಮಾಡಬೇಕು.

ನನ್ನ ಮಟ್ಟಿಗೆ ಇನ್ನೂ ಒಳ್ಳೆಯದು ಹೋಸ್ಟಿಂಗ್ ಕಂಪನಿಯ ಪ್ಯಾನೆಲ್‌ನಲ್ಲಿರುವ ಫೈರ್‌ವಾಲ್. ಅದು ಪ್ಯಾಕೆಟ್ ನಿಮ್ಮ ಮಷಿನ್‌ಗೆ ಬರುವ ಮೊದಲೇ ತಡೆಯುತ್ತದೆ. ಮಷಿನ್ ಒಳಗೆ ಡಾಕರ್ ಏನೇ ಬರೆದುಕೊಂಡರೂ ಅದಕ್ಕೆ ಸಂಬಂಧ ಇಲ್ಲ. ತುಂಬಾ ಕಂಪನಿಗಳು ಇದನ್ನು ಉಚಿತವಾಗಿ ಕೊಡುತ್ತವೆ. ಐಪಿವಿ6ಗೂ ಅದೇ ನಿಯಮ ಹಾಕುವುದನ್ನು ಮರೆಯಬೇಡಿ.

ಹಳೇಪುಸ್ತಕ:
ಪೋರ್ಟ್ ಮುಚ್ಚಿದೆ. ಸರ್ವರ್‌ನಿಂದಲೇ ಅದರ ಸಾರ್ವಜನಿಕ ಐಪಿಗೆ ಟೆಸ್ಟ್ ಮಾಡಿದರೆ 'ಕನೆಕ್ಷನ್ ರೆಫ್ಯೂಸ್ಡ್' ಬರುತ್ತದೆ. ಇನ್ನು ಕಂಟೇನರ್ ಅಳಿಸಿ ಹೊಸದು ಮಾಡಿದರೆ ಆಯ್ತಾ?

ಕರಾವಳಿ_ಅಡ್ಮಿನ್:
ಎರಡು ವಿಷಯ.

ಟೆಸ್ಟ್ ಹೊರಗಿನಿಂದ ಮಾಡಿ. ಸರ್ವರ್ ತನ್ನದೇ ಐಪಿಗೆ ಮಾತಾಡಿದರೆ ಪ್ಯಾಕೆಟ್ ಹೊರಗೆ ಹೋಗುವುದೇ ಇಲ್ಲ. ಪ್ರೀರೌಟಿಂಗ್, ಕಂಪನಿಯ ಫೈರ್‌ವಾಲ್ ಯಾವುದನ್ನೂ ಅದು ದಾಟುವುದಿಲ್ಲ. ಮೊಬೈಲ್ ಡೇಟಾ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಹಾಕಿ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್‌ನಿಂದ ನಿಮ್ಮ ಸರ್ವರ್ ನೋಡಿ. ಐಪಿವಿ4ಗೆ ಒಮ್ಮೆ, ಐಪಿವಿ6ಗೆ ಒಮ್ಮೆ. ಪಿಂಗ್ ನೋಡದೆ ಎಲ್ಲ 65535 ಟಿಸಿಪಿ ಪೋರ್ಟ್ ನೋಡುವ ಆಯ್ಕೆ ಕೊಡಿ. ನಿಮಗೆ ಗೊತ್ತಿಲ್ಲದ ಇನ್ನೊಂದು ಪೋರ್ಟ್ ತೆರೆದಿದ್ದರೆ ಆಗಲೇ ಗೊತ್ತಾಗುವುದು.

ಎರಡನೆಯದು ಜಾಸ್ತಿ ಮುಖ್ಯ. ಆ ಕಂಟೇನರ್‌ಗೆ ಪ್ರಿವಿಲೆಜ್ಡ್ (ಹೋಸ್ಟ್, ಅಂದರೆ ಸರ್ವರ್ ಮೇಲೆಯೇ ಹಕ್ಕು) ಕೊಟ್ಟಿದ್ದೀರಾ? ಡಾಕರ್ ಸಾಕೆಟ್ ಫೈಲ್ ಒಳಗೆ ಮೌಂಟ್ ಆಗಿದೆಯಾ? ಹೋಸ್ಟ್‌ನ ಯಾವುದಾದರೂ ಫೋಲ್ಡರ್? ಡಾಕರ್ ಸಾಕೆಟ್ ಸಿಕ್ಕರೆ ಹೋಸ್ಟ್‌ನ ರೂಟ್ ಸಿಕ್ಕ ಹಾಗೆಯೇ. ಹೋಸ್ಟ್‌ನಲ್ಲಿ ಎಲ್ಲ ಯೂಸರ್‌ಗಳ ಕ್ರಾನ್‌ಟ್ಯಾಬ್, ಆಥರೈಸ್ಡ್ ಕೀಸ್ ಫೈಲ್‌ಗಳು, ಸಿಸ್ಟಮ್‌ಡಿಯ ಹೊಸ ಸರ್ವಿಸ್‌ಗಳು, ಟೆಂಪ್ ಫೋಲ್ಡರ್ ಎಲ್ಲ ನೋಡಿ.

ಏನೂ ಸಿಗದಿದ್ದರೂ ನಾನಾದರೆ ಹೊಸ ವಿಪಿಎಸ್ ತೆಗೆದುಕೊಂಡು ಮೊದಲಿನಿಂದ ಕಟ್ಟುತ್ತೇನೆ. ಹಳೆಯ ಮಷಿನ್ ಶುದ್ಧವಾಗಿದೆ ಅಂತ ಸಾಬೀತು ಮಾಡುವ ಕೆಲಸ, ಹೊಸದು ಕಟ್ಟುವುದಕ್ಕಿಂತ ದೊಡ್ಡದು. ಡೇಟಾವನ್ನು ಪಿಜಿ ಡಂಪ್‌ನಿಂದ ಸಾದಾ ಪಠ್ಯವಾಗಿ ತೆಗೆಯಿರಿ. ಡೇಟಾ ಫೋಲ್ಡರ್ ಇಡಿಯಾಗಿ ಕಾಪಿ ಮಾಡಬೇಡಿ. ಹೊಸದಕ್ಕೆ ಹಾಕುವ ಮೊದಲು ಡಂಪ್‌ನಲ್ಲಿ ನೀವು ಬರೆಯದ ಫಂಕ್ಷನ್, ಟ್ರಿಗರ್ ಇದೆಯಾ ಓದಿ ನೋಡಿ. ಯೂಸರ್‌ಗಳ ಪಟ್ಟಿ ಬೇರೆಯಾಗಿ ನೋಡಿ, ಹೊಸ ಸೂಪರ್‌ಯೂಸರ್ ಸೇರಿಸಿ ಹೋಗುವುದು ಅವರ ಅಭ್ಯಾಸ. ಆಪ್‌ಗೆ ಸೂಪರ್‌ಯೂಸರ್ ಕೊಡಬೇಡಿ. ಅದಕ್ಕೆ ಬೇಕಾದ ಡೇಟಾಬೇಸ್‌ನ ಹಕ್ಕಷ್ಟೇ ಸಾಕು. ಆ ಸರ್ವರ್‌ನಲ್ಲಿದ್ದ ಎಲ್ಲ ಪಾಸ್‌ವರ್ಡ್, ಎಪಿಐ ಕೀ ಬದಲಿಸಿ.

ರಾತ್ರಿಪಾಳಿ:
ಇನ್ನೊಂದು ಸೇರಿಸುತ್ತೇನೆ. ಇದು ಸಂಸ್ಥೆಯ ಅಥವಾ ಕಂಪನಿಯ ಸರ್ವರ್ ಆಗಿದ್ದರೆ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ನೆನಪಿರಲಿ. ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಡಬೇಕು. ಹಳೆಯ ಮಷಿನ್ ಅಳಿಸುವ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ.

ಹಳೇಪುಸ್ತಕ:
ಹೊಸ ಸರ್ವರ್ ತೆಗೆದುಕೊಂಡೆ. ಓದುಗರ ಫೋನ್ ನಂಬರ್, ಮೇಲ್ ಏನೂ ನಮ್ಮಲ್ಲಿ ಇರಲಿಲ್ಲ, ಅದೊಂದು ಸಮಾಧಾನ. ಈಗ ಎಸ್‌ಎಸ್‌ಎಚ್‌ನಲ್ಲಿ ವಿಚಿತ್ರ ಆಗುತ್ತಿದೆ. ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್ ಅಥೆಂಟಿಕೇಷನ್ 'ನೋ' ಅಂತ ಹಾಕಿದೆ, ರೀಸ್ಟಾರ್ಟ್ ಮಾಡಿದೆ. ಆದರೂ ಪಾಸ್‌ವರ್ಡ್ ಕೇಳುತ್ತಿದೆ. ಪೋರ್ಟ್ 22ರಿಂದ ಬೇರೆಯದಕ್ಕೆ ಬದಲಿಸಿದೆ, ಅದೂ ಆಗಲಿಲ್ಲ.

ಬಯಲುಸೀಮೆ:
ಇದು ನನಗೆ ಗೊತ್ತು. ಉಬುಂಟುವಿನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನ ಮೇಲ್ಭಾಗದಲ್ಲೇ ಇನ್‌ಕ್ಲೂಡ್ ಸಾಲು ಇದೆ. ಅದು ಪಕ್ಕದ ಡಾಟ್ ಡಿ ಫೋಲ್ಡರ್‌ನ ಫೈಲ್‌ಗಳನ್ನು ಮೊದಲು ಓದುತ್ತದೆ. ಅಲ್ಲಿ 50-ಕ್ಲೌಡ್-ಇನಿಟ್ ಎಂಬ ಫೈಲ್‌ನಲ್ಲಿ ಪಾಸ್‌ವರ್ಡ್ 'ಯೆಸ್' ಅಂತ ಇರಬೇಕು. ಓಪನ್ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಬೆಲೆಯೇ ನಿಲ್ಲುತ್ತದೆ, ಕೊನೆಯದಲ್ಲ. ಹಾಗಾಗಿ ನೀವು ಕೆಳಗೆ ಬರೆದ 'ನೋ' ಅನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 00 ಅಥವಾ 10ರಿಂದ ಶುರುವಾಗುವ ಹೆಸರಿನಲ್ಲಿ ನಿಮ್ಮದೇ ಫೈಲ್ ಇಡಿ, ಅದು ಮೊದಲು ಓದಲ್ಪಡುತ್ತದೆ.

ಫೈಲ್ ನೋಡಿ ನಂಬಬೇಡಿ. ಸುಡೋ ಜೊತೆ ಎಸ್‌ಎಸ್‌ಎಚ್‌ಡಿಗೆ ದೊಡ್ಡ 'ಟಿ' ಆಯ್ಕೆ ಕೊಟ್ಟರೆ ಎಲ್ಲ ಫೈಲ್ ಓದಿದ ಮೇಲೆ ಕೊನೆಗೆ ಉಳಿದ ಬೆಲೆಗಳನ್ನು ತೋರಿಸುತ್ತದೆ. ಸಣ್ಣ 'ಟಿ' ಕೊಟ್ಟರೆ ಬರವಣಿಗೆಯ ತಪ್ಪು ಮಾತ್ರ ಹುಡುಕುತ್ತದೆ.

ಕರಾವಳಿ_ಅಡ್ಮಿನ್:
ಬಯಲುಸೀಮೆ ಹೇಳಿದ್ದು ಪೂರ್ತಿ ಸರಿ. ಪೋರ್ಟ್ ವಿಷಯ ಬೇರೆ. ಉಬುಂಟು 22.10ರಿಂದ ಎಸ್‌ಎಸ್‌ಎಚ್ ಅನ್ನು ಸಿಸ್ಟಮ್‌ಡಿ ಸಾಕೆಟ್ ಮೂಲಕ ಎಬ್ಬಿಸುತ್ತಾರೆ. ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವುದು ಸಾಕೆಟ್ ಯೂನಿಟ್, ಎಸ್‌ಎಸ್‌ಎಚ್‌ಡಿ ಅಲ್ಲ. 24.04ರಲ್ಲಿ ಕಾನ್ಫಿಗ್‌ನ ಪೋರ್ಟ್ ಅನ್ನು ಓದಿ ಸಾಕೆಟ್‌ಗೆ ಹೇಳುವ ಜನರೇಟರ್ ಇದೆ. ಅದು ಓಡಬೇಕಾದರೆ ಸಿಸ್ಟಮ್‌ಸಿಟಿಎಲ್‌ನಲ್ಲಿ ಡೀಮನ್-ರೀಲೋಡ್ ಕೊಟ್ಟು, ಎಸ್‌ಎಸ್‌ಎಚ್ ಸಾಕೆಟ್ ಅನ್ನು ರೀಸ್ಟಾರ್ಟ್ ಮಾಡಬೇಕು. ಬರೀ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಹಳೆಯ ಪೋರ್ಟೇ ಉಳಿಯುತ್ತದೆ.

ಈಗಿರುವ ಎಸ್‌ಎಸ್‌ಎಚ್ ಕಿಟಕಿ ಮುಚ್ಚಬೇಡಿ. ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ, ಆದ ಮೇಲಷ್ಟೇ ಹಳೆಯದು ಬಿಡಿ. ಹೊಸ ಪೋರ್ಟ್ ಯುಎಫ್‌ಡಬ್ಲ್ಯುನಲ್ಲಿ ಮೊದಲೇ ತೆರೆದಿರಲಿ.

ಪೋರ್ಟ್ ಬದಲಿಸುವುದರಿಂದ ಲಾಗ್‌ನಲ್ಲಿ ಗಲಾಟೆ ಕಡಿಮೆಯಾಗುತ್ತದೆ ಅಷ್ಟೇ. ರಕ್ಷಣೆ ಬರುವುದು ಕೀ ಲಾಗಿನ್ ಮತ್ತು ಅಪ್‌ಡೇಟ್‌ನಿಂದ. 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆ ಹೊರಗೆ ಹಾಕಿದ 'ರೆಗ್ರೆಎಸ್‌ಎಸ್‌ಎಚ್‌ಅಯಾನ್' ದೋಷಕ್ಕೆ ಪಾಸ್‌ವರ್ಡ್ ಬೇಕಾಗಿಯೇ ಇರಲಿಲ್ಲ. ಓಪನ್ಎಸ್‌ಎಸ್‌ಎಚ್ 8.5ರಿಂದ 9.7ರವರೆಗೆ ಇದ್ದ ದೋಷ ಅದು. 2006ರಲ್ಲಿ ಸರಿಪಡಿಸಿದ್ದೇ ಮತ್ತೆ ಬಂದಿತ್ತು. 9.8ರಲ್ಲಿ ಮತ್ತೆ ಸರಿಯಾಯಿತು. ಉಬುಂಟು ತನ್ನ ಹಳೆಯ ಆವೃತ್ತಿಗಳಿಗೇ ತೇಪೆ ಹಾಕಿ ಕೊಟ್ಟಿತು. ಹಾಗಾಗಿ ಅಪ್‌ಡೇಟ್ ತಾನಾಗಿ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಓಡುತ್ತಿದೆಯಾ ನೋಡಿ.

ಮತ್ತೆ ಮತ್ತೆ ತಪ್ಪು ಲಾಗಿನ್ ಮಾಡುವ ಐಪಿಗಳನ್ನು ತಡೆಯುವ ಫೇಲ್2ಬ್ಯಾನ್ ಹಾಕಿದ್ದರೆ ಅದರ ಸ್ಟೇಟಸ್ ಕೂಡ ನೋಡಿ. 24.04 ಬಂದ ಹೊಸತರಲ್ಲಿ ಪೈಥಾನ್ 3.12ರಿಂದ ಅಸಿಂಕ್‌ಚಾಟ್ ಮಾಡ್ಯೂಲ್ ತೆಗೆದುಹಾಕಿದ್ದಕ್ಕೆ ಅದು ಶುರುವೇ ಆಗುತ್ತಿರಲಿಲ್ಲ. ಆಮೇಲಿನ ಅಪ್‌ಡೇಟ್‌ನಲ್ಲಿ ಸರಿಹೋಯಿತು.

ಮಲೆನಾಡು_ಫೈಬರ್:
ಇದೇ ಚರ್ಚೆಯಲ್ಲಿ ನನ್ನದೂ ಒಂದು ಕೇಳಲಾ? ನನ್ನ ಸರ್ವರ್ ಮನೆಯಲ್ಲೇ ಇದೆ. ರೌಟರ್‌ನ ಹೊರಬದಿಯ (ವ್ಯಾನ್) ಐಪಿ 100.72ರಿಂದ ಶುರುವಾಗುತ್ತದೆ, ಪೋರ್ಟ್ ಫಾರ್ವರ್ಡಿಂಗ್ ಆಗುವುದಿಲ್ಲ. ಅದಕ್ಕೆ ಒಂದು ಸಣ್ಣ ವಿಪಿಎಸ್ ತೆಗೆದುಕೊಂಡು ವೈರ್‌ಗಾರ್ಡ್ ವಿಪಿಎನ್ ಟನಲ್ ಹಾಕಿದ್ದೇನೆ. ಮನೆಯಿಂದ ವಿಪಿಎಸ್‌ನ ಐಪಿವಿ6 ವಿಳಾಸಕ್ಕೆ ಹೋಗುತ್ತದೆ. ಪಿಂಗ್ ಚೆನ್ನಾಗಿ ಬರುತ್ತದೆ. ಎಸ್‌ಎಸ್‌ಎಚ್ ಮಾತ್ರ ಕೀ ವಿನಿಮಯದ ಉತ್ತರಕ್ಕೆ ಕಾಯುತ್ತಾ ನಿಂತುಬಿಡುತ್ತದೆ. ಸಣ್ಣ ಪುಟ ತೆರೆಯುತ್ತದೆ, ಚಿತ್ರ ಇರುವ ಪುಟ ಅರ್ಧಕ್ಕೆ ನಿಲ್ಲುತ್ತದೆ.

ರಾತ್ರಿಪಾಳಿ:
100.64ರಿಂದ 100.127ರವರೆಗಿನದು ಕಂಪನಿಗಳ ಒಳಗಿನ ನ್ಯಾಟ್‌ಗೆ ಅಂತ 2012ರಲ್ಲಿ ಮೀಸಲಿಟ್ಟ ವಿಳಾಸ. ಒಂದೇ ಸಾರ್ವಜನಿಕ ಐಪಿ ಹಿಂದೆ ಎಷ್ಟೋ ಮನೆಗಳಿರುತ್ತವೆ. ನಿಮ್ಮ ರೌಟರ್‌ನಲ್ಲಿ ಏನು ಮಾಡಿದರೂ ಹೊರಗಿನಿಂದ ಐಪಿವಿ4ನಲ್ಲಿ ತಲುಪಲು ಆಗುವುದಿಲ್ಲ. ಟನಲ್ ಹಾಕಿದ್ದು ಸರಿಯಾದ ದಾರಿ.

ನಿಂತುಹೋಗುವುದಕ್ಕೆ ಕಾರಣ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಇರಬೇಕು. ಸಣ್ಣ ಪ್ಯಾಕೆಟ್ ಹೋಗಿ, ದೊಡ್ಡದು ಕಾಣೆಯಾದರೆ ಮೊದಲು ಅದನ್ನೇ ಅನುಮಾನಿಸಬೇಕು. ನಿಮ್ಮ ಫೈಬರ್ ಪಿಪಿಪಿಒಇ (ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಸಂಪರ್ಕ) ಆಗಿದ್ದರೆ 8 ಬೈಟ್ ಅದಕ್ಕೇ ಹೋಗಿ ಲೈನ್‌ನಲ್ಲಿ ಉಳಿಯುವುದು 1492. ವೈರ್‌ಗಾರ್ಡ್ ಮಾಮೂಲಾಗಿ 1420 ಇಟ್ಟುಕೊಳ್ಳುತ್ತದೆ. ಐಪಿವಿ6 ಮೇಲೆ ಹೋದರೆ ಅದಕ್ಕೆ 80 ಬೈಟ್ ಸೇರಿ 1500 ಆಗುತ್ತದೆ. 1492ರಲ್ಲಿ ಹಿಡಿಸುವುದಿಲ್ಲ. ಐಪಿವಿ6ನಲ್ಲಿ ನಡುವಿನ ರೌಟರ್ ಪ್ಯಾಕೆಟ್ ಒಡೆಯುವುದೂ ಇಲ್ಲ, ಬಿಸಾಡುತ್ತದೆ. ಐಪಿವಿ4 ಮೇಲೆ ಹೋಗಿದ್ದರೆ ಸೇರುವುದು 60 ಮಾತ್ರ, 1480 ಆಗಿ ಹಿಡಿಸುತ್ತಿತ್ತು.

ಟನಲ್ ಒಳಗೆ, ಒಡೆಯಬೇಡ ಅನ್ನುವ ಆಯ್ಕೆ ಕೊಟ್ಟು 1392 ಗಾತ್ರದ ಪಿಂಗ್ ಕಳಿಸಿ. ಆಮೇಲೆ 1384. ಇದಕ್ಕೆ ಹೆಡರ್‌ನ 28 ಸೇರುತ್ತದೆ.

ಮಲೆನಾಡು_ಫೈಬರ್:
ಹೌದು, ಪಿಪಿಪಿಒಇ. 1392 ಬರಲಿಲ್ಲ. 1384 ಬಂತು.

ರಾತ್ರಿಪಾಳಿ:
ಹಾಗಾದರೆ ಎರಡೂ ಕಡೆಯ ವೈರ್‌ಗಾರ್ಡ್ ಕಾನ್ಫಿಗ್‌ನಲ್ಲಿ ಎಂಟಿಯು 1412 ಬರೆಯಿರಿ. ಎರಡೂ ಕಡೆ ಬೇಕು, ಒಂದೇ ಕಡೆ ಬರೆದರೆ ಇನ್ನೊಂದು ದಿಕ್ಕಿನ ದೊಡ್ಡ ಪ್ಯಾಕೆಟ್ ಹೋಗುತ್ತಲೇ ಇರುತ್ತದೆ. ವಿಪಿಎಸ್ ಬೇರೆಯವರ ಟ್ರಾಫಿಕ್ ಅನ್ನು ನಿಮ್ಮ ಮನೆಗೆ ಫಾರ್ವರ್ಡ್ ಮಾಡುತ್ತಿದ್ದರೆ, ಅಲ್ಲಿ ಟಿಸಿಪಿಯ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿನ ಡೇಟಾದ ಮಿತಿ) ಅನ್ನು ದಾರಿಯ ಎಂಟಿಯುಗೆ ಇಳಿಸುವ ನಿಯಮವನ್ನೂ ಹಾಕಿ. ಮನೆ ಕಡೆಯ ಕಾನ್ಫಿಗ್‌ನಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಇರಲಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಮಾತಿಲ್ಲದಿದ್ದಾಗ ರೌಟರ್ ಆ ಸಂಪರ್ಕ ಮರೆತುಬಿಡುತ್ತದೆ.

ಪಿಂಗ್, ದೋಷ ಸಂದೇಶಗಳನ್ನು ಒಯ್ಯುವ ಐಸಿಎಂಪಿಯನ್ನು ಪೂರ್ತಿ ಬಂದ್ ಮಾಡಿದ್ದೀರಾ? ಸುರಕ್ಷತೆ ಅಂತ ತುಂಬಾ ಜನ ಹಾಗೆ ಮಾಡುತ್ತಾರೆ. 'ಪ್ಯಾಕೆಟ್ ದೊಡ್ಡದಾಯಿತು' ಅನ್ನುವ ಸಂದೇಶ ಬರುವುದು ಅದರಲ್ಲೇ. ಐಪಿವಿ6ನಲ್ಲಿ ಅದನ್ನು ತಡೆದರೆ ನೆಟ್‌ವರ್ಕ್ ಹೀಗೇ ಅರ್ಧಕ್ಕೆ ನಿಲ್ಲುತ್ತದೆ.

ಮಲೆನಾಡು_ಫೈಬರ್:
ಎರಡೂ ಕಡೆ 1412 ಹಾಕಿದೆ. ಎಸ್‌ಎಸ್‌ಎಚ್ ತಕ್ಷಣ ಬಂತು, ಚಿತ್ರಗಳೂ ಬರುತ್ತಿವೆ. ವಿಪಿಎಸ್ ಕಡೆ ಐಸಿಎಂಪಿ ಪೂರ್ತಿ ಡ್ರಾಪ್ ಇತ್ತು, ಅದನ್ನೂ ತೆಗೆದೆ. ತುಂಬಾ ಥ್ಯಾಂಕ್ಸ್.

ಹಳೇಪುಸ್ತಕ:
ನನ್ನ ಕಡೆಯದನ್ನೂ ಹೇಳುತ್ತೇನೆ, ಮುಂದೆ ಓದುವವರಿಗೆ ಬೇಕಾಗಬಹುದು. ಯೂಸರ್‌ಗಳ ಪಟ್ಟಿಯಲ್ಲಿ ನಾನು ಮಾಡದ ಒಂದು ಸೂಪರ್‌ಯೂಸರ್ ಇತ್ತು, ಡಂಪ್‌ನಲ್ಲಿ ಟೇಬಲ್‌ಗಳು ಸರಿಯಾಗಿದ್ದವು. ಟೇಬಲ್‌ಗಳನ್ನಷ್ಟೇ ಹೊಸದಕ್ಕೆ ಹಾಕಿದೆ. ಡಾಕರ್ ಸಾಕೆಟ್ ಎಲ್ಲೂ ಮೌಂಟ್ ಆಗಿರಲಿಲ್ಲ. ಎಸ್‌ಎಸ್‌ಎಚ್‌ನಲ್ಲಿ 50-ಕ್ಲೌಡ್-ಇನಿಟ್ ಫೈಲ್‌ನದೇ ಕೆಲಸ, 10ರ ಹೆಸರಿನ ಫೈಲ್ ಇಟ್ಟ ಮೇಲೆ ಪಾಸ್‌ವರ್ಡ್ ಕೇಳುವುದು ನಿಂತಿತು. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಎನ್‌ಮ್ಯಾಪ್ ಓಡಿಸಿದೆ. ಐಪಿವಿ4ನಲ್ಲಿ 80, 443 ಮತ್ತು ಹೊಸ ಎಸ್‌ಎಸ್‌ಎಚ್ ಪೋರ್ಟ್ ಮಾತ್ರ ಕಾಣುತ್ತಿವೆ. ಐಪಿವಿ6ನಲ್ಲಿ ಇವುಗಳ ಜೊತೆಗೆ 8000 ಕೂಡ ತೆರೆದಿದೆ.

ಕರಾವಳಿ_ಅಡ್ಮಿನ್:
8000 ನಿಮ್ಮ ವೆಬ್ ಆಪ್‌ನದೇ ಇರಬೇಕು. ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಹಿಂದೆ ಇದ್ದರೆ ಅದಕ್ಕೂ ಹೊರಗಿನ ಪೋರ್ಟ್ ಬೇಕಿಲ್ಲ. ಐಪಿವಿ4ನಲ್ಲಿ ಮುಚ್ಚಿರುವುದು ಕಂಪನಿಯ ಫೈರ್‌ವಾಲ್‌ನಿಂದ, ಅಲ್ಲಿ ಐಪಿವಿ6 ನಿಯಮ ಹಾಕಿಲ್ಲ ಅನ್ನಿಸುತ್ತದೆ. ಕಂಪೋಸ್‌ನಲ್ಲಿ ಅದಕ್ಕೂ 127.0.0.1 ಸೇರಿಸಿ, ಪ್ಯಾನೆಲ್‌ನಲ್ಲಿ ಐಪಿವಿ6 ನಿಯಮ ಹಾಕಿ, ಮತ್ತೆ ಹೊರಗಿನಿಂದ ನೋಡಿ ಇಲ್ಲಿ ಹೇಳಿ.

ಹಳೇಪುಸ್ತಕ:
ಹೌದು, ಆಪ್‌ನದೇ. ಪ್ಯಾನೆಲ್‌ನಲ್ಲಿ ಐಪಿವಿ4ಗೆ ಮಾತ್ರ ನಿಯಮ ಇತ್ತು. ಎರಡೂ ಸರಿಮಾಡಿ ಮತ್ತೆ ಓಡಿಸಿದೆ. ಈಗ ಐಪಿವಿ6ನಲ್ಲೂ ಮೂರೇ ಪೋರ್ಟ್. ಟೆಸರಾಕ್ಟ್ ಕೆಲಸ ಮತ್ತೆ ಶುರು ಮಾಡಿದ್ದೇನೆ.